ಬೈಟೂ

ಬಾ ನಾಗವೇಣಿ, ಈ ಕಂಬದ ಪಕ್ಕ ನಿಲ್ಲೋಣ.
ಕೂರಲು ಜಾಗವಿಲ್ಲದ ಹೋಟೆಲೇ ಇಂಥ ಮಾತಿಗೆ ವಾಸಿ,
ಉದ್ದವಾದರೆ ಕಾಲೇ ಹೇಳುತ್ತದೆ.
ಒಂದು ಬೈಟೂ ಹೇಳಿದ್ದೇನೆ.

ನಾಳೆಯಿಂದ ಎಂಟು ಜನ ನಿನ್ನವರು.
ಅಂದರೆ ನೀನು ಅವರವಳು, ಅದನ್ನು
ಬಡ್ತಿಯ ಪತ್ರದಲ್ಲಿ ಬರೆದಿರುವುದಿಲ್ಲ.

ಮೊದಲ ವಾರ ಬೆರಳು ತುರಿಸುತ್ತವೆ.
ಯಾರದೋ ಕೋಡು ಕಣ್ಣಿಗೆ ಚುಚ್ಚುತ್ತದೆ,
ನಾನಾಗಿದ್ದರೆ ಅರ್ಧ ಗಂಟೆ ಅನ್ನಿಸುತ್ತದೆ.
ಬರೆಯಬೇಡ.
ನಾನು ಬರೆದೆ.
ಲವೀನಾ ನಾಲ್ಕು ದಿನ ಕಟ್ಟಿದ್ದನ್ನು
ಒಂದು ರಾತ್ರಿ ಬೆಳ್ಳಂದೂರಿನ ಮನೆಯಲ್ಲಿ ಕೂತು
ಬಿಚ್ಚಿ, ಮತ್ತೆ ಹೊಲಿದು, ಬೆಳಗಿನ ಐದಕ್ಕೆ ಸೇರಿಸಿ
ಉಪಕಾರ ಮಾಡಿದೆ ಅಂತ ಮಲಗಿದೆ.
ಕೋಡು ಚೆನ್ನಾಗಿತ್ತು. ಈಗಲೂ ಓಡುತ್ತಿದೆ.
ಅವಳು ಮೀಟಿಂಗಿನಲ್ಲಿ
"ನಿಮಗೆ ಹೇಗೆ ಸರಿಯೋ ಹಾಗೆ" ಅನ್ನತೊಡಗಿದಳು.
ಆರು ತಿಂಗಳು ಅದನ್ನು ವಿನಯ ಅಂದುಕೊಂಡೆ.
ರಾಜೀನಾಮೆಯಲ್ಲೂ ನನಗೆ ಧನ್ಯವಾದ ಬರೆದಿದ್ದಳು.

ಕಲಕು, ಸಕ್ಕರೆ ತಳದಲ್ಲಿ ಕೂತಿರುತ್ತದೆ.

ಮೇಲಿನವರು ತಾರೀಖು ಕೇಳುತ್ತಾರೆ.
ಬಸಲಿಂಗ ಮೂರು ವಾರ ಅಂದರೆ ಮೂರೇ ಅನ್ನು.
ಆರನೇ ಮಹಡಿ ಮುಟ್ಟುವಷ್ಟರಲ್ಲಿ ಅದು ಲಿಫ್ಟಿನಲ್ಲೇ
ಒಗೆದ ಖಾದಿಯ ಹಾಗೆ ಕುಗ್ಗಿ ಎರಡಾಗುತ್ತದೆ.
ನಾನೇ ಕುಗ್ಗಿಸಿದ್ದೇನೆ; ಮುಗಿದದ್ದು ಐದಕ್ಕೆ.
ಸಿಲ್ಕ್ ಬೋರ್ಡಿನಲ್ಲಿ ನಿಂತು "ಐದು ನಿಮಿಷ, ಬಂದೆ" ಅನ್ನುವವನನ್ನು
ಈ ಊರಲ್ಲಿ ಯಾರೂ ನಂಬುವುದಿಲ್ಲ,
ಆದರೂ ನಮ್ಮ ಪ್ಲಾನುಗಳ ತುಂಬ ಅವನೇ.

ಒಂದು ದಿನ ಎಲ್ಲ ಬೀಳುತ್ತದೆ. ಬಿದ್ದೇ ಬೀಳುತ್ತದೆ,
ತಿಂಗಳ ಒಂದನೇ ತಾರೀಖೇ ಆರಿಸಿಕೊಂಡು.
ಮುದಸ್ಸಿರ್ ತಪ್ಪು ಕಿಟಕಿಯಲ್ಲಿ ಸರಿಯಾದ ಕಮಾಂಡು ಕೊಟ್ಟಿದ್ದ,
ಹನ್ನೊಂದು ಸಾವಿರ ಜನರ ಸಂಬಳದ ಸಾಲು ಮಾಯ.
ಫೋನಿನ ಆ ತುದಿಯಲ್ಲಿ ಎಲ್ಲರೂ ಕೇಳಿದ್ದು: ಯಾರು?
ಅವನು ನನ್ನ ಪಕ್ಕದಲ್ಲೇ ನಿಂತಿದ್ದ, ತುಟಿ ಒಣಗಿ.
"ನಮ್ಮ ತಂಡ" ಅಂದೆ. ಅಷ್ಟೇ ಅಂದೆ.
ಬ್ಯಾಕಪ್ಪಿನಿಂದ ಎತ್ತಿ ನಿಲ್ಲಿಸುವ ಹೊತ್ತಿಗೆ ಮೂರೂವರೆ,
ಹೊರಗೆ ಹಾಲಿನ ಗಾಡಿ ಕ್ರೇಟು ಇಳಿಸುವ ಸದ್ದು.
ನಿದ್ದೆ ಆದ ಮೇಲೆ ಅವನನ್ನು ಕೇಳಿದೆ:
ಆಗ ನಿನ್ನ ಕಣ್ಣಿಗೆ ಏನು ಕಾಣುತ್ತಿತ್ತು?
ಎರಡು ಕಿಟಕಿ. ಎರಡೂ ಕಪ್ಪು. ಎರಡಕ್ಕೂ ಒಂದೇ ಹೆಸರು.
ನಾಲ್ಕು ವರ್ಷದಿಂದ ನಾವೆಲ್ಲ ಆ ಕತ್ತಲಲ್ಲೇ ಓಡಾಡಿದ್ದೆವು,
ಎಡವಿದ್ದು ಅವನು ಮಾತ್ರ.
ಈಗ ಒಂದು ಕಿಟಕಿ ಕೆಂಪು, ಹೊಸ್ತಿಲ ಕುಂಕುಮದಷ್ಟು.
ಬಣ್ಣ ಬಳಿದವನು ಅವನೇ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ,
ಈ ಕೆಲಸದಲ್ಲಿ ಕೆಸರು ನಿನ್ನ ಕೈಗೆ,
ಮೊಸರು ಅವರ ಬಾಯಿಗೆ. ಗಾದೆ ತಪ್ಪಿಲ್ಲ,
ಮೈ ಮಾತ್ರ ಬೇರೆ ಬೇರೆ.

ಮತ್ತೆ, ಅಕ್ಟೋಬರಿನ ಬೇಸರವನ್ನು
ಮಾರ್ಚಿನವರೆಗೆ ಭರಣಿಯಲ್ಲಿಡಬೇಡ.
ಊಟಕ್ಕಿಲ್ಲದ ಉಪ್ಪಿನಕಾಯಿ ಅದು, ಬೂಸು ಬೇರೆ ಹಿಡಿದಿರುತ್ತದೆ.
ಆ ವಾರವೇ ಹೇಳು, ಹೀಗೆ ನಿಂತುಕೊಂಡು.
ಎದುರಿಗೊಂದು ಲೋಟವಿರಲಿ,
ಕೇಳುವವರ ಕೈಗೆ ಏನಾದರೂ ಹಿಡಿಯಲು ಬೇಕಾಗುತ್ತದೆ.

ಇದೆಲ್ಲ ನಾನು ಮಾಡುತ್ತೇನೆ ಅಂತಲ್ಲ.
ಕಳೆದ ಗುರುವಾರ ತಮಿಳ್‌ಸೆಲ್ವಿ ಅಮ್ಮನ ಆಪರೇಷನ್ನಿನ ಮಾತಾಡುವಾಗ
ಫೋನು ನೋಡಿದೆ. ಎರಡು ಸಲ.
ಅವಳು ಎಣಿಸಿದ್ದಾಳೆ.

ಬೈಟೂ ಸುರಿಯುವ ಹುಡುಗ ಗೆರೆ ಎಳೆದು ಅಳೆಯುವುದಿಲ್ಲ,
ಒಂದು ಲೋಟದಲ್ಲಿ ಯಾವಾಗಲೂ ಒಂದು ಗುಟುಕು ಕಡಿಮೆ.
ಬಂದ ಕೂಡಲೇ ಅದನ್ನು ನೀನು ನೋಡಿದೆ,
ತುಂಬಿದ್ದನ್ನು ನನ್ನ ಕಡೆ ತಳ್ಳಿದೆ.
ನಾನು ಇಷ್ಟೆಲ್ಲ ಹೇಳಬೇಕಿರಲಿಲ್ಲವೇನೋ.

ಚಿಲ್ಲರೆ ಇದೆಯಾ? ಸ್ಕ್ಯಾನು ಮತ್ತೆ ಕೆಟ್ಟಿದೆಯಂತೆ,
ಬರೀ ಸುತ್ತುತ್ತಿದೆ.
ಎಲ್ಲೋ ಯಾವ ಮುದಸ್ಸಿರನೋ ಈಗ
ತುಟಿ ಒಣಗಿಸಿಕೊಂಡು ನಿಂತಿದ್ದಾನೆ.