ಮೊತ್ತಮೊದಲು

ಹೆಸರೇನೋ ಎಂದು ಯಾರಾದರೂ ಕೇಳಿದರೆ
ರೇ ರೇ ರೇ ಎನ್ನುತ್ತಲೇ ಇರುತ್ತಿದ್ದೆ;
ವಣಸಿದ್ಧ ಎಲ್ಲೋ ಹೊಟ್ಟೆಯಲ್ಲಿ.
ಗೋಡೆಯಾಚೆ ಮರಾಠಿ ಶಾಲೆಯ ಹುಡುಗರು
‘ಕಾಯ್ ರೇ?’ ಎಂದು ಓಗೊಡುತ್ತಿದ್ದರು.
ನಾನು ಯಾರನ್ನೂ ಕರೆದಿರಲಿಲ್ಲ.

ನಾಗಣಸೂರಿನಲ್ಲಿ ಒಂದು ಅನುಕೂಲವಿತ್ತು.
ಮ ಮ ಎಂದು ಮಜ್ಜಿಗೆ ತಡೆದರೆ ತಾಕ ಎನ್ನುವುದು,
ದೂಧ ಎನ್ನಲು ದವಡೆ ಹಿಡಿದರೆ ಹಾಲಿಗೆ ಹಾರುವುದು.
ಈ ನುಡಿಯಿಂದ ಆ ನುಡಿಗೆ
ಬೇಲಿ ನುಸುಳುವ ಕರುವಿನ ಹಾಗೆ ಓಡಾಡಿದೆ.
‘ಹುಡುಗ ಎರಡೂ ಭಾಷಾದಾಗ ಭಾಳ ಶಾಣ್ಯಾ’
ಅಂದರು ಮಂದಿ. ಅವ್ವ ಏನೂ ಅನ್ನಲಿಲ್ಲ.

ಏಳನೆಯ ಇಯತ್ತೆ.
ಹತ್ತೂರೆ ಅಕ್ಕೋರು ಹಲಗೆಯ ಮೇಲೆ ಬರೆದರು:
ಕಡೆ ಕಡೆ, ಕಟ್ಟಕಡೆ.
ನಡು ನಡು, ನಟ್ಟನಡು.
ತುದಿ ತುದಿ, ತುತ್ತತುದಿ.
‘ಓದು’ ಎಂದು ಬೆರಳು ತೋರಿದ್ದು ನನ್ನತ್ತ.
ಬೆಂಚುಗಳೆಲ್ಲ ಆಗಲೇ
ನಗಲು ಬಾಯಿ ಒರೆಸಿಕೊಂಡಿದ್ದವು.

ತು ಎಂದೆ. ಎಂದಿನಂತೆ ಕಾಲು ಜಾರಿತು.
ಜಾರಿದಲ್ಲೇ ಒಂದು ಮೆಟ್ಟಿಲು,
ತುತ್ತ,
ಅದರ ಮೇಲೆ ನಿಂತು
ತುದಿ.
ಯಾರೂ ನಗಲಿಲ್ಲ. ಸರಿಯಾಗಿತ್ತು ಅದು.

ಯಾವನೋ ಒಬ್ಬ ನನಗಿಂತ ಮೊದಲೇ
ಇದೇ ಕಲ್ಲಿಗೆ ಎಡವಿರಬೇಕು,
ಊರಿಗೆ ಊರೇ ಅವನ ಹಿಂದೆ ಎಡವಿ
ಅದನ್ನೇ ದಾರಿ ಅಂದುಕೊಂಡಿರಬೇಕು.

ಉಗ್ಗು ಹೋಗಲಿಲ್ಲ. ಹೋಗುವಂಥದ್ದಲ್ಲ.
ನಮ್ಮ ಕಡೆ ಉಗ್ಗುವುದೆಂದರೆ ಕಾಳು ಚೆಲ್ಲುವುದೂ ಹೌದು;
ಅಕ್ಕಲಕೋಟೆಯ ಅಡತಿಯಲ್ಲಿ
ಜೋಳ ಅಳೆಯುವ ಕೆಲಸ ಸಿಕ್ಕಿತು.
ಅಲ್ಲಿ ಒಂದು ಅನ್ನುವಂತಿಲ್ಲ, ಲಾಭ ಅನ್ನಬೇಕು,
ಒಮ್ಮೆ ಅಂದರೆ ಸಾಲದು,
ಪಾಯಲಿ ತುಂಬಿ ಚೀಲಕ್ಕೆ ಬೀಳುವವರೆಗೆ
ಲಾಭ ಲಾಭ ಲಾಭ ಲಾಭ
ಎರಡ ಎರಡ ಎರಡ ಎರಡ
ಬಾಯಿ ನಿಂತರೆ ಲೆಕ್ಕ ತಪ್ಪಿತು.
ಇಪ್ಪತ್ತಾರು ವರ್ಷ
ನನ್ನ ಬಾಯಿ ನಿಲ್ಲಲಿಲ್ಲ.

ಈಗ ಕರೆಂಟಿನ ತಕ್ಕಡಿ ಬಂದಿದೆ.
ಕೆಂಪಗೆ ಒಂದೇ ಸಲ ಅಂಕಿ ತೋರಿಸಿ
ಸುಮ್ಮನಾಗುತ್ತದೆ.

ಮೊನ್ನೆ ರೇಶನ್ ಕಚೇರಿಯಲ್ಲಿ ಕಂಪ್ಯೂಟರಿನ ಹುಡುಗ
‘ನಾವ?’ ಅಂದ; ನನ್ನ ರುಮಾಲು ನೋಡಿ
‘ಹೆಸರ್ರೀ?’ ಅಂದ.
ರೇ ಅಂದೆ. ರೇ ರೇ.
ಎತ್ತಿದ ಬೆರಳು ಹಾಗೇ ಹಿಡಿದು
‘ಕಾಕಾ, ಎಷ್ಟು ರೇ ಬರೀಲಿ?’ ಎಂದ.

ತಡಿಯಪ್ಪಾ, ಅಂದೆ, ಒಂದಿಷ್ಟೂ ತಡೆಯದೆ,
ಪಾಯಲಿ ಇನ್ನೂ ತುಂಬಿಲ್ಲ.