ಒಂದು ಮೀಟರ್

ಟಿಕಾರೆ ರಸ್ತೆಯ ಅಂಗಡಿಯಲ್ಲಿ ಕೊಂಡ
ನಾಲ್ಕು ಪಿವಿಸಿ ಪೈಪು, ಮೂಲೆಗೊಂದು ಎಲ್ಬೋ.
ಜೋಡಿಸಿದರೆ ಚೌಕ. ಅದರೊಳಗೆ ಬಿದ್ದದ್ದಷ್ಟೇ
ನನ್ನ ಎಂ.ಎಸ್ಸಿ. ಎರಡನೆಯ ವರ್ಷ.

ಬಿಚ್ಚಿ, ಕೊಡೆಯ ಹಾಗೆ ಕಂಕುಳಲ್ಲಿ ಅವುಚಿ
ಧಾರವಾಡದ ಬೆಳಗಿನ ಪ್ಯಾಸೆಂಜರಿನಿಂದ
ರಾಣೆಬೆನ್ನೂರಿಗೆ ಇಳಿದರೆ ಆಟೋದವನು ಕೇಳಿದ:
“ನಳಾ ಜೋಡ್ಸೋರೇನ್ರಿ?”
ಹೂಂ ಅಂದೆ. ಪೂರಾ ಸುಳ್ಳೇನಲ್ಲ.

ಪಹಣಿಯಲ್ಲಿ ಹುಲ್ಲುಗಾವಲಿಗೆ ಹೆಸರಿಲ್ಲ,
ಅಲ್ಲಿ ಅದು ‘ಖರಾಬು’.
ಹಂಪಿಹೊಳಿ ಮೇಡಂ ಆ ಶಬ್ದದ ಕೆಳಗೆ
ಸೀಮೆಸುಣ್ಣ ಮುರಿಯುವ ಹಾಗೆ ಗೆರೆ ಎಳೆದಿದ್ದರು:
“ತಪ್ಪು ಶುರು ಆಗಿದ್ದು ಇಲ್ಲೆ.
ಗಿಡ ಇಲ್ಲದ್ದನ್ನ ಖಾಲಿ ಅಂದ್ವಿ.”

ಖಾಲಿ ತುಂಬಿಸಿದರು. ನೀಲಗಿರಿ,
ಸಾಲು ಸಾಲು, ಪ್ರಾರ್ಥನೆಗೆ ನಿಂತ ಶಾಲೆಯಂತೆ.
ನೆರಳಿಗೆ ಚೌಕ ಇಟ್ಟು ಎಣಿಸಿದೆ:
ಒಣ ಎಲೆ ಇನ್ನೂರ ಹನ್ನೊಂದು,
ಗುಟ್ಕಾ ಚೀಟಿ ಎರಡು,
ಹುಲ್ಲು ಸೊನ್ನೆ.
ಸೊನ್ನೆಯನ್ನೂ ದುಂಡಗೆ ಬರೆಯಬೇಕಂತೆ, ಚಿತ್ತಿಲ್ಲದೆ.

ಆಚೆ, ನೀಲಗಿರಿ ಕಡಿದ ಎರಡೆಕರೆಗೆ
ಇದು ಮೂರನೆಯ ಮಳೆಗಾಲ.
ಯಾರೂ ಏನೂ ಬಿತ್ತಿಲ್ಲ. ಮೊಣಕಾಲು ಮುಚ್ಚುವ ಹಸಿರು.
ಕೈಪುಸ್ತಕದ ಲ್ಯಾಟಿನ್ನಿನಲ್ಲಿ ಮೂರು ದಿನ ತಡಕಾಡಿದ್ದನ್ನು
ಮಾಳಿಂಗಪ್ಪ ಕೋಲೂರಿ ನಿಂತು
ಕುರಿಯ ಬಾಯಿ ನೋಡಿಯೇ ಹೇಳಿದ:
“ಇದು ಕರಡ. ಇದು ಗರಿಕಿ, ನಿಮಗೂ ಗೊತ್ತು.
ಇದರ ಮುಳ್ಳು ಉಣ್ಣಿಯೊಳಗ ಹೊಕ್ಕರ ಕತ್ತರಿನೇ ಬೇಕು.
ಇದೊಂದು... ತಡೀರಿ, ನಮ್ಮವ್ವಗ ಗೊತ್ತಿತ್ತು.”
ಹಾಗೆಯೇ ಬರೆದುಕೊಂಡೆ:
ಜಾತಿ ಹದಿನೇಳು, ಮಾಳಿಂಗಪ್ಪನ ಅವ್ವ ಬಲ್ಲಳು.

ಎರೆಭೂತ ನೋಡಿದ್ದೀರಾ, ಕೇಳಿದೆ.
ಮಾತಾಡಲಿಲ್ಲ. ಟೊಂಕದ ಮಟ್ಟಕ್ಕೆ
ಅಂಗೈ ಬೋರಲು ಹಿಡಿದ. “ಇಷ್ಟೆತ್ತರ.
ಗೌಡರ ಗತೆ ನಡೀತಿತ್ತು, ಅವಸರ ಅನ್ನೋದೇ ಇಲ್ಲ.”
ಪೈಪೊಂದನ್ನು ನೆಟ್ಟಗೆ ನಿಲ್ಲಿಸಿದೆ ಆ ಕೈಯಡಿಗೆ.
ಒಂದು ಮೀಟರ್, ಬರೋಬ್ಬರಿ.
ಪೈಪು ತೆಗೆದೆ. ಕೈ ಮಾತ್ರ
ಇನ್ನೂ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು.

ಒಂದು ಮಾತು ಪ್ರಬಂಧದಲ್ಲಿ ಬರೆದಿಲ್ಲ.
ಈ ಸಾಲುಗಳಿಗೆ ಗುಂಡಿ ತೋಡಿದವರಲ್ಲಿ
ನನ್ನ ಅಪ್ಪನೂ ಒಬ್ಬ. ಆಗ ಹದಿನಾರು ವಯಸ್ಸು,
ಗುಂಡಿಗಿಷ್ಟು ಪೈಸೆ. ಆ ದುಡ್ಡಿನಲ್ಲಿ
ಮೊದಲ ಸಲ ಸ್ವಂತ ಚಪ್ಪಲಿ.
ಬಸ್ಸಿನ ಕಿಟಕಿಯಿಂದ ತೋರಿಸುತ್ತಿದ್ದ ನನಗೆ:
“ಅಗಾ, ನಾ ಹಚ್ಚಿದ್ದು.”

ಹೇಳಲೇಬೇಕಾಯಿತು. ಪೂರಾ ಕೇಳಿ,
“ಹಂಗಾರ ನೀ ಕಲಿಯೂದು ಏನು?”
ಬಿಡೋದು, ಅಂದೆ. ಬೇಡವಾದ್ದನ್ನ ತೆಗೆದು, ಬಿಟ್ಟು, ಕಾಯೋದು.
“ಬಿಡೂದಕ್ಕೂ ಪರೀಕ್ಷಾ ಐತೇನು?”
ನಕ್ಕನೋ, ಬೈದನೋ, ಆ ದಿನ ತಿಳಿಯಲಿಲ್ಲ.

ರವಿವಾರ ತಾನೇ ಬಂದ.
ಟೇಪಿನ ಒಂದು ತುದಿ ಹಿಡಿದು, ಹೇಳಿದಲ್ಲಿ ನಿಂತು,
ಹೇಳದಲ್ಲೂ ಒಮ್ಮೊಮ್ಮೆ ನಿಂತು.
ಕಡಿದ ಬೊಡ್ಡೆಗಳು ಸುಮ್ಮನಿರುವುದಿಲ್ಲ,
ಮಳೆ ಬಿದ್ದರೆ ಬುಡದಲ್ಲೇ ಚಿಗುರು.
ಹೆಬ್ಬೆರಳಿಂದ ಚಿವುಟುತ್ತಾ ಹೋದ ಒಂದೊಂದೇ ಬೊಡ್ಡೆ,
ಮುಂದಿನ ಸಾಲಿನ ಅಂತರ ನನಗಿಂತ ಮೊದಲೇ ಕಾಲಿಗೆ ಗೊತ್ತು.
ಒಂದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಚಿವುಟಲಿಲ್ಲ.
ನಾನು ನೋಟ್‌ಬುಕ್ಕಿನ ಕಡೆ ನೋಡಿದೆ.
ತಲೆ ಎತ್ತಿದಾಗ ಅದೂ ಇರಲಿಲ್ಲ.

ರಾತ್ರಿ ಎರಡು ಸಲ ಸಾಬೂನು ಹಚ್ಚಿ ಕೈ ತೊಳೆದ.
ರೊಟ್ಟಿ ಮುರಿದು ನನ್ನ ತಾಟಿಗೆ ಇಟ್ಟ.
ಪುಂಡಿಪಲ್ಲೆಯ ಹುಳಿಯನ್ನೂ ದಾಟಿ
ಆ ತುತ್ತಿಗೆ ನೀಲಗಿರಿಯ ವಾಸನೆ.