ಹೂಂ

ಸಾವಿರ ಹೆಜ್ಜೆಗೊಮ್ಮೆ ನಿಂತು ಕೇಳುತ್ತದೆ ಡೇಟಾಬೇಸು:
ಮುಂದ ಹೋಗ್ಲೇನು?
ಸೊನ್ನೆ ಅಂದರೆ ಹೋಗು. ಒಂದು ಅಂದರೆ ಸಾಕು.

ಹೋದ ಆವೃತ್ತಿಯಲ್ಲಿ, ಸಾಕು ಅಂದ ಮೇಲೂ
ಇನ್ನೊಮ್ಮೆ ಕೇಳಿತ್ತು.
ತಿದ್ದಿದ್ದಾರೆ. ಆ ತಪ್ಪು ಮತ್ತೆ ಬಾರದಂತೆ ಕಾಯುವುದು ನನ್ನ ಕೆಲಸ,
ಗುಳೇದಗುಡ್ಡದ ಈ ಮಾಳಿಗೆಯಲ್ಲಿ.

ಗೋಡೆಯಾಚೆ ನಾಗರತ್ನವ್ವ ಖಣ ನೇಯುತ್ತಾಳೆ.
ನೂರು ಹೊಕ್ಕಿಗೊಮ್ಮೆ, "ನೂರಾತೂ..."
ತೊಟ್ಟಿಲ ಪಕ್ಕದಿಂದ ಅತ್ತೆ, "ಹೂಂ."
ಪಾಟಿಯ ಮೇಲೊಂದು ಗೀಟು.

ಮೂರು ಪರೀಕ್ಷೆ ಹಸಿರು.
ಆಗ, "ನೂರಾತೂ..."
ಹೂಂ ಇಲ್ಲ.
ನನ್ನ ಬೆರಳು ಕೀಲಿಯ ಮೇಲೇ ನಿಂತವು.
ಜೊಂಪು ಹತ್ತಿತ್ತು ಅತ್ತೆಗೆ.
ಲಾಳಿ ಒಂದು ಗಳಿಗೆ ತಡೆದು, ಮತ್ತೆ ಓಡಿತು,
ಲೆಕ್ಕ ತಾನೇ ಇಟ್ಟುಕೊಂಡು.

ನಾಲ್ಕನೆಯದನ್ನು ಬರೆದೆ:
ಹೂಂಗುಟ್ಟುವವರು ಇಲ್ಲದಾಗಲೂ
ಓಟ ನಿಲ್ಲಬಾರದು.

ಓಡಿಸಿದೆ.
ಕೆಂಪು.